ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಡ್ರ್ಯಾಗನ್ ಕ್ವೆಸ್ಟ್‌ನ ಸ್ಲೈಮ್

ವಿಡಿಯೊ ಗೇಮ್ ಸರಣಿಯೊಂದರ ಮ್ಯಾಸ್ಕಾಟ್ ಎಂದರೆ ಸಾಮಾನ್ಯವಾಗಿ ಗೆಲ್ಲುವ ಪ್ರಾಣಿ. ಮಾರಿಯೊಗೆ ಸಡ್ಡು ಹೊಡೆಯಬೇಕೆಂದೇ ಸೆಗಾ ಕಂಪನಿ 1991ರಲ್ಲಿ ಸೋನಿಕ್‌ನನ್ನು ಕಣಕ್ಕಿಳಿಸಿತು. 1996ರ ಪೋಕೆಮಾನ್ ಆಟದಲ್ಲಿ ಪಿಕಾಚು ನೂರೈವತ್ತು ಚಿಲ್ಲರೆ ಪ್ರಾಣಿಗಳಲ್ಲಿ ಒಂದಾಗಿತ್ತು, ಮರುವರ್ಷ ಟಿ.ವಿ. ಸರಣಿಯಲ್ಲಿ ನಾಯಕನ ಹೆಗಲೇರಿದ ಮೇಲೆ ಮನೆಮಾತಾಯಿತು. ಇಬ್ಬರೂ ನಮ್ಮ ಪಕ್ಷದವರು, ಗೆಲುವಿನಲ್ಲಿ ನಮ್ಮ ಜೊತೆಗಿರುವವರು. ಅವರನ್ನು ಮೆಚ್ಚಲು ವಿಶೇಷ ಕಾರಣ ಬೇಕಿಲ್ಲ.

ಜಪಾನಿನ ಡ್ರ್ಯಾಗನ್ ಕ್ವೆಸ್ಟ್ ಸರಣಿಯ ಸ್ಲೈಮ್ ಹಾಗಲ್ಲ. ಅದು ಶತ್ರುಪಕ್ಷದ್ದು. ಆ ಪಕ್ಷದಲ್ಲೂ ಕಟ್ಟಕಡೆಯದು. ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ನಮ್ಮ ಕೈಯಲ್ಲಿ ಸಾಯುವುದಕ್ಕೆಂದೇ ಹುಟ್ಟಿದ್ದು. ಮೈಯೆಲ್ಲ ಲೋಳೆ, ಕೈಯಿಲ್ಲ, ಕಾಲಿಲ್ಲ, ಮಾತಿಲ್ಲ. ಇಂಥ ಪ್ರಾಣಿ ಜಪಾನಿನ ಅತ್ಯಂತ ಜನಪ್ರಿಯ ಆಟದ ಸರಣಿಗಳಲ್ಲೊಂದರ ಮುಖವಾಗಿ ನಾಲ್ಕು ದಶಕಗಳ ಕಾಲ ನಿಂತಿದೆ. ಖಡ್ಗ ಹಿಡಿದ ವೀರನೂ ಆ ಜಾಗಕ್ಕೆ ಬರಲಿಲ್ಲ, ಹೆಸರಿನಲ್ಲೇ ಇರುವ ಡ್ರ್ಯಾಗನ್ನೂ ಬರಲಿಲ್ಲ.

ಯಾಕೆ ಹೀಗಾಯಿತು ಎಂದರೆ ಎಲ್ಲರೂ ಕೊಡುವ ಉತ್ತರ ಒಂದೇ: ಸ್ಲೈಮ್ ಮುದ್ದಾಗಿದೆ. ಉತ್ತರ ಸುಳ್ಳಲ್ಲ, ಆದರೆ ಅರ್ಧ. ಮುದ್ದಾದ ಪ್ರಾಣಿಗಳಿಗೆ ಆಟಗಳ ಲೋಕದಲ್ಲಿ ಬರವಿಲ್ಲ. ಅವುಗಳಲ್ಲಿ ಬಹುಪಾಲು ಒಂದು ಆಟದೊಂದಿಗೆ ಬಂದು ಅದರೊಂದಿಗೇ ಮರೆಯಾಗಿವೆ. ಸ್ಲೈಮ್ ಉಳಿದದ್ದು ಅದರ ಚಿತ್ರವೂ ಆಟದ ಲೆಕ್ಕಾಚಾರವೂ ಒಂದನ್ನೊಂದು ಹಿಡಿದು ನಿಂತದ್ದರಿಂದ. ಆ ಹಿಡಿತ ಬಿಗಿಯಾಗಿರುವ ಕಡೆ ಸ್ಲೈಮ್ ಒಂದು ಒಳ್ಳೆಯ ಕಲಾಸೃಷ್ಟಿ. ಸಡಿಲವಾದ ಕಡೆ ಬರೀ ಮಾರಾಟದ ಸರಕು.

ಸ್ಲೈಮ್‌ನ ವಂಶಾವಳಿಯಲ್ಲಿ ಮುದ್ದು ಎಂಬುದೇ ಇರಲಿಲ್ಲ. ಅಮೆರಿಕದ ಭಯಾನಕ ಕತೆಗಳಲ್ಲಿ, 1958ರ ‘ದಿ ಬ್ಲಾಬ್’ನಂಥ ಸಿನಿಮಾಗಳಲ್ಲಿ ಆಕಾರವಿಲ್ಲದ ಲೋಳೆ ಎಂದರೆ ಸಿಕ್ಕಿದ್ದನ್ನೆಲ್ಲ ನುಂಗುತ್ತ ಬೆಳೆಯುವ ಪಿಡುಗು. 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕೂತು ಆಡುವ ಆಟ ಈ ಭಯವನ್ನು ಹಾಗೆಯೇ ತೆಗೆದುಕೊಂಡಿತು. ಅಲ್ಲಿ ಹಸಿರು ಲೋಳೆ ಛಾವಣಿಯಿಂದ ತೊಟ್ಟಿಕ್ಕಿ ಮೈಯನ್ನೇ ಕರಗಿಸಿಬಿಡುತ್ತದೆ. 1981ರ ‘ವಿಝರ್ಡ್ರಿ’ ಎಂಬ ಕಂಪ್ಯೂಟರ್ ಆಟದಲ್ಲಿ ಲೋಳೆಯ ದರ್ಜೆ ಇಳಿಯಿತು. ನೆಲಮಾಳಿಗೆಯ ಮೊದಲ ಅಂತಸ್ತಿನಲ್ಲಿ ಹೊಸಬರ ಕೈಗೆ ಸಿಕ್ಕಿ ಸಾಯುವ ದುರ್ಬಲ ಜೀವಿಯಾಯಿತು. ದರ್ಜೆ ಇಳಿದರೂ ಅಸಹ್ಯ ಹೋಗಿರಲಿಲ್ಲ.

‘ವಿಝರ್ಡ್ರಿ’ಯನ್ನು ಹುಚ್ಚು ಹಿಡಿದಂತೆ ಆಡಿದವರಲ್ಲಿ ಯುಜಿ ಹೊರಿಯಿ ಒಬ್ಬರು. ಆಟಗಳನ್ನು ರೂಪಿಸುತ್ತಲೇ ಮಕ್ಕಳ ವಾರಪತ್ರಿಕೆ ‘ಶೋನೆನ್ ಜಂಪ್’ಗೆ ಬರೆಯುತ್ತಿದ್ದವರು. ಆ ಬಗೆಯ ಆಟವನ್ನು ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ, ಅಂದರೆ ಮಾರಿಯೊನನ್ನು ಓಡಿಸಿ ಹಾರಿಸಿ ಮಾತ್ರ ಗೊತ್ತಿದ್ದ ಶಾಲಾಮಕ್ಕಳ ಕೈಗೆ ತರಬೇಕೆಂಬುದು ಅವರ ಹಟ. ಎನಿಕ್ಸ್ ಕಂಪನಿ ಪ್ರಕಾಶಕ, ಚುನ್‌ಸಾಫ್ಟ್‌ನ ಕೊಯಿಚಿ ನಕಾಮುರಾ ಪ್ರೋಗ್ರಾಮರ್, ಕೊಯಿಚಿ ಸುಗಿಯಾಮಾ ಸಂಗೀತಕಾರ. ಚಿತ್ರಗಳಿಗೆ ಬಂದವರು ಅದೇ ಪತ್ರಿಕೆಯ ಅಕಿರಾ ತೊರಿಯಾಮಾ. ‘ಡಾ. ಸ್ಲಂಪ್’ ಮುಗಿಸಿ ‘ಡ್ರ್ಯಾಗನ್ ಬಾಲ್’ ಬರೆಯುತ್ತಿದ್ದ ಅವರು ಆಗ ಜಪಾನಿನ ಮಕ್ಕಳೆಲ್ಲ ಬಲ್ಲ ಚಿತ್ರಕಾರ. ಆಟ ಹೊರಬಂದದ್ದು 1986ರ ಮೇ 27ರಂದು.

ಹೊರಿಯಿ ಬೇರೆ ಬೇರೆ ಸಂದರ್ಶನಗಳಲ್ಲಿ ಹೇಳಿಕೊಂಡು ಬಂದ ಸಂಗತಿ ಇದು: ತಾನು ಗೀಚಿ ಕಳುಹಿಸಿದ್ದು ನೆಲಕ್ಕೆ ಚೆಲ್ಲಿದ ಲೋಳೆಯ ಗುಡ್ಡೆಯಂಥ ಚಿತ್ರ, ತೊರಿಯಾಮಾರಿಂದ ತಿರುಗಿ ಬಂದದ್ದು ನೆತ್ತಿ ಚೂಪಾದ, ನಗುವ ಹನಿ. ಈ ತಿದ್ದುಪಡಿಯನ್ನು ಚೂರು ಹತ್ತಿರದಿಂದ ನೋಡಬೇಕು. ಚೆಲ್ಲಿದ ಲೋಳೆಗೆ ಅಂಚಿಲ್ಲ, ಎಲ್ಲಿ ಶುರು ಎಲ್ಲಿ ಕೊನೆ ಎಂದು ಹೇಳಲಾಗುವುದಿಲ್ಲ. ಅದರ ಭಯ ಇರುವುದೇ ಅಲ್ಲಿ. ತೊರಿಯಾಮಾ ಮೊದಲು ಮಾಡಿದ ಕೆಲಸ ಅದಕ್ಕೊಂದು ಗೆರೆ ಕೊಟ್ಟದ್ದು. ಬುಡದಲ್ಲಿ ಅಗಲ, ನೆತ್ತಿಯಲ್ಲಿ ಒಂದು ಕೊಂಡಿ, ಹೆಚ್ಚುಕಡಿಮೆ ಈರುಳ್ಳಿಯ ಆಕಾರ. ಪೆನ್ಸಿಲ್ ಎತ್ತದೆ ಒಂದೇ ಗೆರೆಯಲ್ಲಿ ಯಾವ ಮಗುವೂ ಬರೆಯಬಹುದು.

ಆಮೇಲೆ ಮುಖ. ಅಗಲಕ್ಕೆ ತೆರೆದ ಎರಡು ದುಂಡು ಕಣ್ಣು, ನಡುವೆ ಕಪ್ಪು ಬೊಟ್ಟು, ಕೆಳಗೆ ಆ ಬದಿಯಿಂದ ಈ ಬದಿಗೆ ಹರಡಿದ ಬಾಯಿ. ಹುಬ್ಬಿಲ್ಲ. ಹುಬ್ಬಿದ್ದಿದ್ದರೆ ಕೋಪವನ್ನೋ ಕುತಂತ್ರವನ್ನೋ ತೋರಿಸಬೇಕಾಗುತ್ತಿತ್ತು. ಕಣ್ಣು ನೇರ ನಮ್ಮತ್ತ ನೋಡುತ್ತದೆ, ಆದರೆ ಏನನ್ನೂ ಕೇಳುವುದಿಲ್ಲ. ಬಾಯಿ ನಗುತ್ತದೆ, ಯಾಕೆಂದು ಹೇಳುವುದಿಲ್ಲ. ಅದು ಧೈರ್ಯದ ನಗುವೇ, ಪೆದ್ದು ನಗುವೇ, ಅಣಕವೇ? ತೀರ್ಮಾನವನ್ನು ತೊರಿಯಾಮಾ ನೋಡುವವರಿಗೆ ಬಿಟ್ಟರು. ಆತುರದಲ್ಲಿ ಅದನ್ನು ಮುದ್ದು ಎಂದು ಕರೆದುಬಿಡುತ್ತೇವೆ. ನನಗೆ ಕಾಣುವ ಹಾಗೆ ಅದರ ಶಕ್ತಿ ಇರುವುದು ಮುದ್ದಿನಲ್ಲಲ್ಲ, ಈ ನಿರ್ಲಿಪ್ತತೆಯಲ್ಲಿ.

ಈ ಮುಖ ಆಟದ ಒಳಗೆ ಎಲ್ಲಿ ಎದುರಾಗುತ್ತದೆ ಎಂಬುದು ಅಷ್ಟೇ ಮುಖ್ಯ. ಮೊದಲ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಊರು, ಕೋಟೆ, ಬಯಲು ಎಲ್ಲವೂ ಮೇಲಿನಿಂದ ಕಾಣುವ ನಕ್ಷೆ. ರಾಜ, ಕಾವಲುಗಾರ, ಅಂಗಡಿಯವ, ನಮ್ಮ ವೀರ, ಎಲ್ಲರೂ ಬೆರಳ ತುದಿಯಷ್ಟು ಬೊಂಬೆಗಳು. ಕಾಳಗ ಶುರುವಾದಾಗ ಮಾತ್ರ ನೋಟ ಬದಲಾಗುತ್ತದೆ. ಒಂದು ಕಿಟಕಿ ತೆರೆದು ಅದರಲ್ಲಿ ಹಸಿರು ಬಯಲು, ಬಯಲಿನ ನಡುವೆ ಎದುರಾಳಿ. ನಮ್ಮ ವೀರ ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ಅವನ ಕಣ್ಣಿನಿಂದ ನಾವೇ ನೋಡುತ್ತಿದ್ದೇವೆ. ಹಾಗಾಗಿ ಈ ಆಟದಲ್ಲಿ ಆಟಗಾರನನ್ನು ಮುಖಾಮುಖಿ ನೋಡುವುದು ಶತ್ರುಗಳು ಮಾತ್ರ. ಬಹುಮಟ್ಟಿಗೆ ಎಲ್ಲರಿಗೂ ಮೊದಲು ಕಾಣುವ ಮುಖ ಸ್ಲೈಮ್‌ನದು.

ಆ ಮುಖ ಬದಲಾಗುವುದೂ ಇಲ್ಲ. ಆಗಿನ ಕ್ಯಾಸೆಟ್ಟಿನಲ್ಲಿದ್ದದ್ದು 64 ಕಿಲೊಬೈಟ್ ಜಾಗ. ಇಡೀ ಲೋಕ, ಸಂಗೀತ, ಮಾತು, ರಾಕ್ಷಸರು ಎಲ್ಲ ಅದರೊಳಗೇ ಹಿಡಿಯಬೇಕು. ಒಂದು ಪ್ರಾಣಿಗೆ ಒಂದೇ ಭಂಗಿ. ಹೊಡೆಯುವಾಗಲೂ ಅದೇ ನಗು, ಹೊಡೆಸಿಕೊಳ್ಳುವಾಗಲೂ ಅದೇ ನಗು, ಸಾಯುವ ಕ್ಷಣದಲ್ಲೂ ಅದೇ. ಆಮೇಲೆ ಬಯಲು ಖಾಲಿ. ಏಟು ಎಷ್ಟು ಬಿತ್ತು, ಯಾರು ಸತ್ತರು ಎಂಬುದನ್ನೆಲ್ಲ ಕೆಳಗಿನ ಅಕ್ಷರಗಳೇ ಹೇಳಬೇಕು. ಬೇರೆ ರಾಕ್ಷಸರ ವಿಷಯದಲ್ಲಿ ಇದು ಬಡತನವಾಗಿ ಕಾಣುತ್ತದೆ. ಕೊಡಲಿ ಎತ್ತಿ ನಿಂತವನು ಎತ್ತಿಯೇ ನಿಂತಿರುತ್ತಾನೆ, ಇಳಿಸುವುದೇ ಇಲ್ಲ. ಸ್ಲೈಮ್‌ಗೆ ಮಾತ್ರ ಈ ನಿಶ್ಚಲತೆ ಸ್ವಭಾವದಂತೆ ಒಪ್ಪುತ್ತದೆ. ಯಂತ್ರದ ಮಿತಿಯನ್ನು ಪಾತ್ರದ ಗುಣವಾಗಿ ತಿರುಗಿಸಿಕೊಂಡ ಇಷ್ಟು ಅಚ್ಚುಕಟ್ಟಾದ ಉದಾಹರಣೆ ಆ ಕಾಲದ ಆಟಗಳಲ್ಲಿ ಹೆಚ್ಚಿಲ್ಲ.

ಇನ್ನು ಲೆಕ್ಕಾಚಾರಕ್ಕೆ ಬರೋಣ. ಆಟ ತೆರೆಯುವುದು ರಾಜನ ಸಭೆಯಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ. ಪೆಟ್ಟಿಗೆ ತೆರೆದು ಬೀಗದ ಕೈ ತೆಗೆದುಕೊಂಡು ಬಾಗಿಲು ತೆರೆಯುವುದನ್ನು ಕಲಿಯದೆ ಹೊರಗೆ ಹೋಗುವಂತಿಲ್ಲ. ಪೆಟ್ಟಿಗೆಯಲ್ಲಿ 120 ಚಿನ್ನದ ನಾಣ್ಯವೂ ಸಿಗುತ್ತದೆ. ಪಕ್ಕದ ಊರಿನ ಅಂಗಡಿಯಲ್ಲಿ ಬಿದಿರು ಕೋಲಿಗೆ 10, ದೊಣ್ಣೆಗೆ 60, ತಾಮ್ರದ ಕತ್ತಿಗೆ 180. ಅಂದರೆ ಲೋಕ ಉಳಿಸಲು ಹೊರಟವನಿಗೆ ಕತ್ತಿ ಕೊಳ್ಳುವ ಯೋಗ್ಯತೆಯೂ ಇಲ್ಲ. ದೊಣ್ಣೆ ಹಿಡಿದು ಕೋಟೆಯಾಚೆ ಬಂದರೆ ನೀರಿನ ಆ ದಡದಲ್ಲಿ ಕೊನೆಯ ಶತ್ರುವಿನ ಕೋಟೆ ಆಗಲೇ ಕಾಣುತ್ತಿರುತ್ತದೆ. ಈ ದಡದಲ್ಲಿ ಇರುವುದು ಸ್ಲೈಮ್.

ಸ್ಲೈಮ್‌ಗೆ 3 ಹಿಟ್ ಪಾಯಿಂಟ್. ಒಂದೆರಡು ಏಟಿಗೆ ಮುಗಿಯುತ್ತದೆ. ಅದನ್ನು ಕೊಂದರೆ ಸಿಗುವ ಅನುಭವದ ಅಂಕ 1. ಎರಡನೆಯ ಲೆವೆಲ್ಲಿಗೆ ಬೇಕಾದದ್ದು 7. ಮೆನು ಎಂದರೇನು, ಲೆವೆಲ್ ಎಂದರೇನು, ಒಂದೇ ಬಯಲಿನಲ್ಲಿ ಹಿಂದಕ್ಕೂ ಮುಂದಕ್ಕೂ ಅಡ್ಡಾಡುವುದು ಯಾಕೆ ಎಂಬುದೊಂದೂ ಗೊತ್ತಿಲ್ಲದ ಹುಡುಗ ಏಳು ಸ್ಲೈಮ್‌ಗಳನ್ನು ಹೊಡೆಯುವಷ್ಟರಲ್ಲಿ ಇಡೀ ಪದ್ಧತಿಯನ್ನು ಕೈಯಾರೆ ಕಲಿತಿರುತ್ತಾನೆ. ಏಳನೆಯದು ಬಿದ್ದಾಗ ಒಂದು ಪುಟ್ಟ ರಾಗ ಮೊಳಗುತ್ತದೆ, ಬಲ ಹೆಚ್ಚಿದೆಯೆಂದು ಅಕ್ಷರಗಳು ಹೇಳುತ್ತವೆ. ಅಜಾಗರೂಕನಾದರೆ ಸ್ಲೈಮ್‌ಗಳ ಕೈಯಲ್ಲೂ ಸಾಯಬಹುದು. ಸತ್ತರೆ ಅರ್ಧ ಚಿನ್ನ ಕಳೆದುಕೊಂಡು ಮತ್ತೆ ರಾಜನ ಮುಂದೆ ನಿಲ್ಲಬೇಕು. ಆದರೆ ಆಟ ಮುಗಿಯುವುದಿಲ್ಲ, ಕಲಿತದ್ದು ಹೋಗುವುದಿಲ್ಲ.

ಸ್ಲೈಮ್ ಮೊದಲ ಮೇಷ್ಟ್ರು ಎಂದರೆ ಉತ್ಪ್ರೇಕ್ಷೆಯಲ್ಲ. ಮೇಷ್ಟ್ರ ಮೇಲಿನ ಪ್ರೀತಿ ಪಾಠ ನಡೆಯುವಾಗ ಗೊತ್ತಾಗುವುದಿಲ್ಲ. ಹತ್ತಾರು ಗಂಟೆ ಆಡಿ, ಬೆಂಕಿ ಉಗುಳುವ ಡ್ರ್ಯಾಗನ್‌ಗಳನ್ನು ಎದುರಿಸಿ, ಮತ್ತೆ ಆ ಮೊದಲ ಬಯಲಿಗೆ ಬಂದಾಗ ಸ್ಲೈಮ್ ಅದೇ 3 ಹಿಟ್ ಪಾಯಿಂಟ್ ಹೊತ್ತು ಅದೇ ನಗುವಿನೊಂದಿಗೆ ಎದುರು ನಿಲ್ಲುತ್ತದೆ. ಅದು ಬೆಳೆದಿಲ್ಲ, ನಾವು ಬೆಳೆದಿದ್ದೇವೆ. ನಾವು ಎಷ್ಟು ದೂರ ಬಂದಿದ್ದೇವೆ ಎಂದು ಅಳೆಯುವುದಕ್ಕೆ ಆ ಲೋಕದಲ್ಲಿ ಉಳಿದ ಒಂದೇ ಒಂದು ಕೋಲು ಅದು. ಮುದ್ದಾದ ಚಿತ್ರ ಈ ಭಾವವನ್ನು ತಾನಾಗಿ ಹುಟ್ಟಿಸಲಾರದು. ಬರೀ ಅಂಕಿಗಳೂ ಹುಟ್ಟಿಸಲಾರವು. ಎರಡೂ ಸೇರಿದ್ದರಿಂದ ಹುಟ್ಟಿತು.

ಆ 64 ಕಿಲೊಬೈಟಿನ ಜಿಪುಣತನ ಇನ್ನೊಂದು ಉಪಕಾರವನ್ನೂ ಮಾಡಿತು. ಒಂದೇ ಚಿತ್ರಕ್ಕೆ ಬಣ್ಣ ಬದಲಿಸಿ ಮೊದಲ ಆಟದಲ್ಲೇ ಮೂರು ಪ್ರಾಣಿಗಳನ್ನು ಮಾಡಿದರು: ನೀಲಿ ಸ್ಲೈಮ್, ಅದಕ್ಕಿಂತ ಕೂದಲೆಳೆಯಷ್ಟು ಬಲವಾದ ಕೆಂಪು ಸ್ಲೈಮ್, ಆಮೇಲೆ ಲೋಹದ ಸ್ಲೈಮ್. ಮೂರನೆಯದೇ ಜಾಣತನದ ತುದಿ. ಲೋಹದ ಸ್ಲೈಮ್‌ಗೂ ಇರುವುದು ಬೆರಳೆಣಿಕೆಯ ಹಿಟ್ ಪಾಯಿಂಟೇ. ಆದರೆ ಏಟು ತಾಗುವುದಿಲ್ಲ, ಮಂತ್ರ ನಾಟುವುದಿಲ್ಲ, ಕಣ್ಣು ಮಿಟುಕಿಸುವುದರೊಳಗೆ ಓಡಿಹೋಗುತ್ತದೆ. ಹೇಗೋ ಹೊಡೆದು ಕೆಡವಿದರೆ ಅನುಭವದ ಅಂಕಗಳ ಸುರಿಮಳೆ.

ಇದರ ಪರಿಣಾಮ ನೋಡಿ. ಮೊದಲ ಗಂಟೆಯಲ್ಲಿ ಲೆಕ್ಕಕ್ಕಿಲ್ಲ ಎಂದು ತಳ್ಳಿದ ಅದೇ ಮುಖ ಆಟದ ಕೊನೆಯ ಭಾಗದಲ್ಲಿ ಬೂದುಬಣ್ಣ ಬಳಿದುಕೊಂಡು ಬಂದಾಗ ಎದೆ ಡವಗುಟ್ಟುತ್ತದೆ. ಓಡಬೇಡ, ಓಡಬೇಡ ಎಂದು ಟಿ.ವಿ. ಪರದೆಗೆ ಕೈಮುಗಿಯುವ ಸ್ಥಿತಿ. ಗೆರೆ ಅದೇ, ನಗು ಅದೇ. ಈ ಸಲ ಮಾತ್ರ ಅದು ಅಣಕದಂತೆ ಕಾಣುತ್ತದೆ. ಅತಿ ಅಗ್ಗದ ಪ್ರಾಣಿಯೂ ಅತಿ ದುಬಾರಿ ಪ್ರಾಣಿಯೂ ಒಂದೇ ಮುಖದವು. ಹಾಗಾಗಿ ಸ್ಲೈಮ್ ಆಟದ ಮೊದಲ ಪುಟದಲ್ಲೇ ಉಳಿದುಹೋಗಲಿಲ್ಲ, ಉದ್ದಕ್ಕೂ ಬಂತು. ಮ್ಯಾಸ್ಕಾಟ್ ಆಗಲು ಬೇಕಾದ ಈ ವ್ಯಾಪ್ತಿಯನ್ನು ಕೊಟ್ಟದ್ದು ಜಾಹೀರಾತು ವಿಭಾಗವಲ್ಲ, ಜಾಗದ ಅಭಾವ.

ಮುಂದಿನ ಆಟಗಳು ಈ ಬೀಜವನ್ನು ಬೆಳೆಸಿದವು. 1987ರ ಎರಡನೆಯ ಆಟದಲ್ಲಿ ಬಂದ ಬುರುಗು ಸ್ಲೈಮ್ ವಿಷಕಾರುವ ಹಸಿರು ಕೆಸರು. ತೊರಿಯಾಮಾ ಬಿಟ್ಟುಕೊಟ್ಟ ಆ ಚೆಲ್ಲಿದ ಆಕಾರ ಇಲ್ಲಿ ಹಿಂಬಾಗಿಲಿನಿಂದ ಬಂದಂತಿದೆ. ಅದು ನೀಲಿ ಹನಿಯ ಜಾಗಕ್ಕೆ ಎಂದೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. 1990ರ ನಾಲ್ಕನೆಯ ಆಟದಲ್ಲಿ ಎಂಟು ಸ್ಲೈಮ್‌ಗಳು ಒಟ್ಟಿಗೆ ಸಿಕ್ಕರೆ ಒಂದರೊಳಗೊಂದು ಬೆರೆತು ಕಿರೀಟ ತೊಟ್ಟ ರಾಜ ಸ್ಲೈಮ್ ಆಗಿಬಿಡುತ್ತವೆ. ಪುಕ್ಕಲರೆಲ್ಲ ಒಟ್ಟಾದರೆ ರಾಜ! ಇದು ಬರೀ ಚಿತ್ರದ ಹಾಸ್ಯವಲ್ಲ. ಸುಲಭದ ತುತ್ತು ಎಂದು ಒಂದೊಂದಾಗಿ ಹೊಡೆಯುತ್ತ ಕೂತವನಿಗೆ ನಡುವೆ ಕಾಳಗದ ಲೆಕ್ಕವೇ ತಲೆಕೆಳಗಾಗುತ್ತದೆ.

ಅದೇ ನಾಲ್ಕನೆಯ ಆಟದ ಮೊದಲ ಅಧ್ಯಾಯದಲ್ಲಿ ಒಬ್ಬ ಯೋಧನ ಜೊತೆ ಹೊರಡುವ ಹೊಯಿಮಿನ್ ಎಂಬ ವೈದ್ಯ ಸ್ಲೈಮ್ ಇದೆ. ಅದಕ್ಕೆ ಮನುಷ್ಯನಾಗುವ ಆಸೆ. ಗಾಯ ವಾಸಿಮಾಡುವುದೊಂದೇ ಅದಕ್ಕೆ ಗೊತ್ತಿರುವ ವಿದ್ಯೆ. ಆ ಅಧ್ಯಾಯ ಚಿಕ್ಕದು, ಆದರೆ ಸರಣಿ ಅಲ್ಲಿ ಮೊದಲ ಬಾರಿಗೆ ಒಂದು ಪ್ರಶ್ನೆಯ ಹತ್ತಿರ ಸುಳಿಯಿತು: ಇಷ್ಟು ದಿನ ನಾವು ಹೊಡೆದದ್ದು ಯಾರನ್ನು?

ಆ ಪ್ರಶ್ನೆ ಸಣ್ಣದಲ್ಲ. ಸ್ಲೈಮ್ ಮೇಲಿನ ಅತಿ ಗಂಭೀರ ಆರೋಪ ಇರುವುದು ಅಲ್ಲೇ. ಡ್ರ್ಯಾಗನ್ ಕ್ವೆಸ್ಟ್ ರೂಢಿಗೆ ತಂದ ಪದ್ಧತಿಯಲ್ಲಿ ಬಲಿಯುವುದು ಎಂದರೆ ಕೊಲ್ಲುವುದು. ತನಗೆ ಏನೂ ಮಾಡದ ಜೀವಿಗಳನ್ನು ಬಯಲಿನಲ್ಲಿ ಹುಡುಕಿಕೊಂಡು ಹೋಗಿ ಕೊಂದು ಅಂಕ ಗಳಿಸುವುದು. ಈ ಪದ್ಧತಿಯ ಬಾಗಿಲಲ್ಲಿ ನಿಂತು ನಗುತ್ತಿರುವ ಸ್ಲೈಮ್ ಹಿಂಸೆಯನ್ನು ಹಗುರಮಾಡುತ್ತದೆ. ನೋವು ಕಾಣುವುದಿಲ್ಲ, ರಕ್ತವಿಲ್ಲ, ಹೆಣವಿಲ್ಲ. ಸಾಯುವವನೇ ನಗುತ್ತಿದ್ದರೆ ಕೊಲ್ಲುವವನಿಗೆ ಏನು ಅಳುಕು? 2015ರಲ್ಲಿ ಅಮೆರಿಕದ ಟೋಬಿ ಫಾಕ್ಸ್ ಮಾಡಿದ ‘ಅಂಡರ್‌ಟೇಲ್’ ಎಂಬ ಆಟ ಈ ಅಳುಕನ್ನೇ ವಸ್ತುವಾಗಿಸಿಕೊಂಡಿತು. ಅಲ್ಲಿ ಎದುರಾದ ಪ್ರತಿಯೊಂದು ಪ್ರಾಣಿಯನ್ನೂ ಕೊಲ್ಲದೆ ಬಿಡಬಹುದು, ಕೊಂದರೆ ಆಟ ಅದನ್ನು ನೆನಪಿಟ್ಟುಕೊಂಡು ಕೇಳುತ್ತದೆ. ಡ್ರ್ಯಾಗನ್ ಕ್ವೆಸ್ಟ್ ಆ ಬಗೆಯಲ್ಲಿ ನಮ್ಮನ್ನು ಎಂದೂ ಕೇಳಲಿಲ್ಲ.

ಆದರೆ ಅದು ತನ್ನದೇ ಆದ ಒಂದು ಉತ್ತರ ಕೊಟ್ಟಿದೆ. ಅದನ್ನು ಗಮನಿಸದಿದ್ದರೆ ಅನ್ಯಾಯವಾದೀತು. 1992ರ ಐದನೆಯ ಆಟದ ನಾಯಕ ಕಣ್ಣೆದುರೇ ತಂದೆಯನ್ನು ಕಳೆದುಕೊಂಡು ಗುಲಾಮನಾಗಿ ಹತ್ತು ವರ್ಷ ಕಲ್ಲು ಹೊತ್ತವನು. ಭವಿಷ್ಯವಾಣಿ ಹೇಳಿದ ವೀರ ಅವನಲ್ಲ, ಅವನ ಮಗ. ಅವನಲ್ಲಿರುವ ವಿಶೇಷ ಒಂದೇ: ಅವನ ಕಣ್ಣಿನ ನೋಟಕ್ಕೆ ರಾಕ್ಷಸರ ಮನಸ್ಸು ತಿಳಿಯಾಗುತ್ತದೆ. ಕಾಳಗ ಮುಗಿದ ಮೇಲೆ ಬಿದ್ದ ಪ್ರಾಣಿ ಕೆಲವೊಮ್ಮೆ ಎದ್ದು ಕೂರುತ್ತದೆ, ಜೊತೆಗೆ ಬರುವ ಆಸೆಯಿಂದ ನೋಡುತ್ತದೆ. ಹೂಂ ಎಂದರೆ ಬಂಡಿ ಹತ್ತುತ್ತದೆ. ಹೀಗೆ ಮೊದಮೊದಲು ಸಿಗುವವರಲ್ಲಿ ಸುರಾರಿನ್ ಎಂಬ ಸ್ಲೈಮ್ ಒಬ್ಬ.

ಆಗ ನಮ್ಮ ಕೈಯಲ್ಲಿರುವುದು ಅದೇ ಹನಿ, ಅದೇ ನಗು, ಜೊತೆಗೆ ಒಂದು ಹೆಸರು. ಸುರಾರಿನ್ ಮೊದಮೊದಲು ಕೆಲಸಕ್ಕೆ ಬಾರದವನು. ಬುದ್ಧಿವಂತ ಆಟಗಾರ ಅವನನ್ನು ಬಂಡಿಯಲ್ಲೇ ಕೂರಿಸಿ ಬಲವಾದ ರಾಕ್ಷಸರನ್ನು ಮುಂದೆ ಬಿಡುತ್ತಾನೆ. ಆದರೆ ಹಟ ಹಿಡಿದು ಅವನನ್ನೇ ಬೆಳೆಸುತ್ತ ಹೋದರೆ ಕೊಟ್ಟಕೊನೆಯ 99ನೆಯ ಲೆವೆಲ್ಲಿನಲ್ಲಿ, ದೊಡ್ಡ ದೊಡ್ಡ ರಾಕ್ಷಸರು ಉಗುಳುವ ಮಹಾಜ್ವಾಲೆಯನ್ನು ಅವನೂ ಕಲಿಯುತ್ತಾನೆ. ಆಟ ಮುಗಿಸಲು ಇದರ ಅಗತ್ಯವಿಲ್ಲ. ಅಷ್ಟು ದೂರ ಹೋಗುವವರು ಪ್ರೀತಿಗಾಗಿ ಹೋಗುತ್ತಾರೆ. ಹಾಗೆ ಹೋಗುವವರು ಇರುತ್ತಾರೆ ಎಂದು ಹೊರಿಯಿ ಮತ್ತು ಸಂಗಡಿಗರು ಮುಂಚೆಯೇ ಊಹಿಸಿ ದಾರಿಯ ಕೊನೆಯಲ್ಲಿ ಬಹುಮಾನ ಇಟ್ಟಿದ್ದರು. ಪೋಕೆಮಾನ್ ಇನ್ನೂ ಹುಟ್ಟದ ಕಾಲದ ಮಾತು ಇದು. ನನ್ನ ಮಟ್ಟಿಗೆ ಸ್ಲೈಮ್‌ನ ಕತೆಯಲ್ಲಿ ಇದೇ ಶಿಖರ. ಆರು ವರ್ಷ ಹೊಡೆಸಿಕೊಂಡದ್ದನ್ನು ತಲೆ ಸವರಿ ಜೊತೆಗೆ ಕರೆದುಕೊಂಡದ್ದು.

ಬರೀ ಮುದ್ದಿನಿಂದ ಮ್ಯಾಸ್ಕಾಟ್ ಆಗುವುದಿಲ್ಲ ಎನ್ನುವುದಕ್ಕೆ ಅಮೆರಿಕದ ಅನುಭವವೇ ಸಾಕ್ಷಿ. 1989ರಲ್ಲಿ ನಿಂಟೆಂಡೊ ಈ ಆಟವನ್ನು ಅಲ್ಲಿಗೆ ‘ಡ್ರ್ಯಾಗನ್ ವಾರಿಯರ್’ ಎಂಬ ಹೆಸರಿನಲ್ಲಿ ಒಯ್ದಿತು. ಡಬ್ಬದ ಮೇಲೆ ತೊರಿಯಾಮಾರ ಚಿತ್ರವಿಲ್ಲ. ಯುರೋಪಿನ ಹಳೆಯ ವೀರಗಾಥೆಗಳ ಶೈಲಿಯ ಯೋಧ, ಎದುರಿಗೆ ಡ್ರ್ಯಾಗನ್. ಸಂಭಾಷಣೆಗಳಿಗೆ ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿನ ಗತ್ತು. ಒಳಗೆ ಬಯಲಿನಲ್ಲಿ ಮಾತ್ರ ಅದೇ ನೀಲಿ ಹನಿ ನಗುತ್ತಿತ್ತು. ನಿಂಟೆಂಡೊ ತನ್ನ ಪತ್ರಿಕೆಗೆ ಚಂದಾದಾರರಾದವರಿಗೆ ಆಟವನ್ನು ಪುಕ್ಕಟೆಯಾಗಿ ಹಂಚಿದ್ದರಿಂದ ಬಹಳ ಮನೆಗಳಿಗೆ ಅದು ತಲುಪಿತು. ಆದರೂ ಜಪಾನಿನಲ್ಲಿ ಆದದ್ದು ಅಲ್ಲಿ ಆಗಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಹೊರಗಿನ ಡಬ್ಬ ಒಂದು ಲೋಕವನ್ನು ತೋರಿಸಿತು, ಒಳಗಿನ ಮುಖ ಇನ್ನೊಂದು ಲೋಕದ್ದು. ಜಪಾನಿನ ಮಗು ಪ್ರತಿ ವಾರ ‘ಡ್ರ್ಯಾಗನ್ ಬಾಲ್’ ಓದುತ್ತ ಆ ಗೆರೆಯೊಂದಿಗೆ ಪಳಗಿತ್ತು. ಸ್ಲೈಮ್ ಅದಕ್ಕೆ ಗೊತ್ತಿರುವ ಮನೆಯ ಹೊಸ ಕೂಸು. ಅಮೆರಿಕದ ಮಗುವಿಗೆ ಅದು ಗಂಭೀರ ವೀರಗಾಥೆಯ ನಡುವೆ ಎಲ್ಲಿಂದಲೋ ಬಂದು ಕೂತ ಕೋಡಂಗಿ. 2005ರಲ್ಲಿ ಎಂಟನೆಯ ಆಟ ಅಲ್ಲಿಗೆ ಹೋದಾಗ ಸರಣಿಗೆ ಮೂಲ ಹೆಸರೇ ಮರಳಿತು, ತೊರಿಯಾಮಾರ ಚಿತ್ರಗಳೂ ಮುಂದೆ ಬಂದವು. ಸ್ಲೈಮ್‌ಗೆ ಅಲ್ಲಿ ಪ್ರೀತಿ ಹುಟ್ಟಿದ್ದು ಆ ಮೇಲೆಯೇ ಎನ್ನಬೇಕು.

ನಮ್ಮಲ್ಲಿಗೆ ಸ್ಲೈಮ್ ಹೆಚ್ಚುಕಡಿಮೆ ಬರಲೇ ಇಲ್ಲ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಪೇಟೆಗಳಲ್ಲಿ ಸಿಗುತ್ತಿದ್ದ ಅಗ್ಗದ ಟಿ.ವಿ. ಗೇಮ್‌ಗಳು ಫ್ಯಾಮಿಕಾಮ್‌ನ ನಕಲುಗಳೇ. ಅವುಗಳ ಜೊತೆ ಮಾರಿಯೊ, ಕಾಂಟ್ರಾ ಬಂದವು. ಓದಿ ಆಡಬೇಕಾದ ಆಟಗಳು ಬರಲಿಲ್ಲ. ತೊರಿಯಾಮಾ ಮಾತ್ರ ಬೇರೆ ದಾರಿಯಿಂದ ಬಂದರು. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ‘ಡ್ರ್ಯಾಗನ್ ಬಾಲ್ ಝಡ್’ ನೋಡಿ ಬೆಳೆದ ನಮ್ಮ ಹುಡುಗರಿಗೆ ಗೋಕು ಗೊತ್ತು, ಆ ಕೈಯೇ ಬರೆದ ಈ ಹನಿ ಗೊತ್ತಿಲ್ಲ. 2024ರ ಮಾರ್ಚ್ 1ರಂದು ತೊರಿಯಾಮಾ ತೀರಿಕೊಂಡಾಗ ಇಲ್ಲಿ ಎಲ್ಲರೂ ನೆನೆದದ್ದು ಗೋಕುವನ್ನೇ.

ಜಪಾನಿನಲ್ಲಿ ಈಗ ಸ್ಲೈಮ್ ಎಲ್ಲೆಲ್ಲೂ ಇದೆ. ‘ಸ್ಮೈಲ್ ಸ್ಲೈಮ್’ ಎಂಬ ಹೆಸರಿನಲ್ಲೇ ಬೊಂಬೆ, ದಿಂಬು, ಲೋಟಗಳ ಸರಕು ಸಾಲು ಇದೆ. 2004ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕೆ ಸ್ಲೈಮ್ ಆಕಾರದ ಕಂಟ್ರೋಲರ್ ಬಂತು. ಸ್ಲೈಮ್ ಅನ್ನೇ ಕೈಯಲ್ಲಿ ಹಿಡಿದು ಸ್ಲೈಮ್‌ಗಳನ್ನು ಹೊಡೆಯುವ ಏರ್ಪಾಡು. ಸರಣಿಗೆ 25 ತುಂಬಿದ 2011ರಲ್ಲಿ ಫ್ಯಾಮಿಲಿಮಾರ್ಟ್ ಅಂಗಡಿಗಳು ಮಾಂಸದ ಹೂರಣವಿಟ್ಟ ನೀಲಿ ಸ್ಲೈಮ್ ಬನ್ನು ಮಾರಿದವು. ಸರಣಿಯ ಆಚೆಗೂ ಅದರ ನೆರಳು ಚಾಚಿದೆ. 2013ರಲ್ಲಿ ಶುರುವಾದ ಒಂದು ಜಪಾನಿ ಕಾದಂಬರಿ ಸರಣಿಯಲ್ಲಿ ಸತ್ತ ಆಫೀಸು ನೌಕರನೊಬ್ಬ ಬೇರೊಂದು ಲೋಕದಲ್ಲಿ ಸ್ಲೈಮ್ ಆಗಿ ಮರುಹುಟ್ಟು ಪಡೆಯುತ್ತಾನೆ. ಸ್ಲೈಮ್ ಎಂದರೆ ಕನಿಷ್ಠ ಜೀವಿ ಎಂಬುದು ಓದುಗರಿಗೆ ಹೇಳದೆಯೇ ಗೊತ್ತು ಎಂಬ ಭರವಸೆಯ ಮೇಲೆ ಆ ಕತೆ ನಿಂತಿದೆ. ಆ ತಿಳಿವಳಿಕೆಯನ್ನು ಜಪಾನಿನಲ್ಲಿ ಮನೆಮನೆಗೆ ಮುಟ್ಟಿಸಿದ್ದರಲ್ಲಿ ಡ್ರ್ಯಾಗನ್ ಕ್ವೆಸ್ಟ್‌ನ ಪಾಲೇ ದೊಡ್ಡದು.

ಸರಕಿನ ಸ್ಲೈಮ್ ಮೇಲೆ ನನ್ನ ಆಕ್ಷೇಪ ಮಡಿವಂತಿಕೆಯದಲ್ಲ. ಬೊಂಬೆ ಮಾರುವುದು ತಪ್ಪೇನಲ್ಲ. ಆದರೆ ಬೊಂಬೆಯಲ್ಲಿ ಉಳಿಯುವುದು ನಗು ಮಾತ್ರ, ಆ ನಗುವನ್ನು ಅರ್ಥವತ್ತಾಗಿಸಿದ್ದ ಸೋಲು ಉಳಿಯುವುದಿಲ್ಲ. ಹೊಸ ಆಟಗಳಲ್ಲೂ ಈ ಸವಕಲು ಕಾಣುತ್ತದೆ. ಬಣ್ಣ ಬದಲಿಸಿ, ಕಿರೀಟ ಹಾಕಿ, ಸವಾರನನ್ನು ಕೂರಿಸಿ ಸ್ಲೈಮ್ ಕುಲವನ್ನು ಬೆಳೆಸುತ್ತಲೇ ಹೋಗಿದ್ದಾರೆ. ಮೊದಲ ಮೂರರಲ್ಲಿ ಪ್ರತಿಯೊಂದಕ್ಕೂ ಆಟದ ಲೆಕ್ಕದಲ್ಲಿ ಒಂದು ಕಾರಣವಿತ್ತು. ಆಮೇಲಿನ ಹಲವಕ್ಕೆ ಅಂಗಡಿಯ ಕಪಾಟೇ ಕಾರಣವೆಂದು ತೋರುತ್ತದೆ. 1998ರಿಂದ ಶುರುವಾದ ‘ಡ್ರ್ಯಾಗನ್ ಕ್ವೆಸ್ಟ್ ಮಾನ್‌ಸ್ಟರ್ಸ್’ ಉಪಸರಣಿ ಐದನೆಯ ಆಟದ ಸ್ನೇಹವನ್ನು ಹಿಡಿಯುವ, ತಳಿ ಬೆರೆಸುವ ವ್ಯವಹಾರವಾಗಿ ಮಾರ್ಪಡಿಸಿತು. ಆಟ ಚೆನ್ನಾಗಿದೆ. ಆದರೆ ಇನ್ನೂ ಬಲವಾದದ್ದು ಬೇಕೆಂದರೆ ಕೈಯಲ್ಲಿರುವ ಎರಡನ್ನು ಬೆರೆಸಿಬಿಡುವ ಆ ಪದ್ಧತಿಯಲ್ಲಿ ಒಬ್ಬ ಸುರಾರಿನ್‌ನನ್ನೇ ಕೊನೆಯವರೆಗೆ ಉಳಿಸಿಕೊಳ್ಳುವ ಹಟಕ್ಕೆ ಜಾಗವಿಲ್ಲ.

ಇದಕ್ಕೆ ಒಂದು ಒಳ್ಳೆಯ ಅಪವಾದವೂ ಇದೆ. 2005ರಲ್ಲಿ ನಿಂಟೆಂಡೊ ಡಿಎಸ್‌ಗೆ ಬಂದ, ಇಂಗ್ಲಿಷಿನಲ್ಲಿ ‘ರಾಕೆಟ್ ಸ್ಲೈಮ್’ ಎಂದು ಹೆಸರಾದ ಆಟದಲ್ಲಿ ಸ್ಲೈಮ್‌ನದೇ ನಾಯಕನ ಪಾತ್ರ. ಅಪಹರಣಕ್ಕೊಳಗಾದ ತನ್ನೂರಿನ ನೂರು ಸ್ಲೈಮ್‌ಗಳನ್ನು ಬಿಡಿಸಿ ತರುವುದು ಅದರ ಕೆಲಸ. ಇಲ್ಲಿ ಲೋಳೆ ಮೈಯೇ ಆಯುಧ. ರಬ್ಬರಿನಂತೆ ಹಿಂದಕ್ಕೆ ಜಗ್ಗಿ ಬಿಟ್ಟರೆ ಚಿಮ್ಮಿ ಹೋಗಿ ಬಡಿಯುತ್ತದೆ. ಚಿತ್ರಕ್ಕೂ ಕ್ರಿಯೆಗೂ ಮತ್ತೆ ಒಂದು ಗಟ್ಟಿ ನಂಟು ಸಿಕ್ಕಿದ್ದರಿಂದ ಈ ಆಟ ಗೆದ್ದಿದೆ. ಆದರೂ ನಾಯಕನಾದ ಸ್ಲೈಮ್ ಇತರ ನಾಯಕರಂತೆಯೇ. ಎದುರು ನಿಂತು ಹೊಡೆಸಿಕೊಳ್ಳುವ ಸ್ಲೈಮ್‌ಗಿದ್ದ ತೂಕ ಅದಕ್ಕಿಲ್ಲ.

ಒಟ್ಟಾರೆ ಹೇಳುವುದಾದರೆ, ಸ್ಲೈಮ್‌ಗೆ ಸಿಕ್ಕ ಪ್ರೀತಿ ಅದು ದುಡಿದು ಗಳಿಸಿದ್ದು, ಯಾರೂ ಪ್ರಚಾರ ಮಾಡಿ ಕೊಡಿಸಿದ್ದಲ್ಲ. ಒಬ್ಬ ಚಿತ್ರಕಾರ ಅಸಹ್ಯಕ್ಕೆ ಗೆರೆ ಹಾಕಿದ, ಆಟದ ಲೆಕ್ಕ ಬಲ್ಲ ಒಬ್ಬ ಆ ಗೆರೆಗೆ 3 ಎಂಬ ಅಂಕಿ ಕೊಟ್ಟ, ಉಳಿದದ್ದನ್ನು ಲಕ್ಷಾಂತರ ಮಕ್ಕಳ ಹೆಬ್ಬೆರಳು ಮಾಡಿತು. ಆಟದ ಪಾತ್ರಗಳನ್ನು ಚಿತ್ರವಾಗಿ ಮಾತ್ರ ನೋಡಿ ಬೆಲೆಕಟ್ಟುವವರು, ಹೊಸ ಮ್ಯಾಸ್ಕಾಟ್ ಬೇಕೆಂದು ಮೊದಲು ಬೊಂಬೆಯ ನಮೂನೆ ಮಾಡಿಸುವ ಕಂಪನಿಗಳು ಇದನ್ನು ಗಮನಿಸುವುದು ಒಳ್ಳೆಯದು. ಹಾಗೆಯೇ, ಕೊಲ್ಲುವುದನ್ನು ಇಷ್ಟು ಹಗುರಮಾಡಿದ ಹೊಣೆಯೂ ಈ ನಗುವಿನ ಮೇಲಿದೆ. ಐದನೆಯ ಆಟ ಆ ಸಾಲವನ್ನು ಬಹುಪಾಲು ತೀರಿಸಿತು, ಪೂರ್ತಿ ಅಲ್ಲ.

ಸ್ಲೈಮ್ ಅನ್ನು ಅರಿಯಬೇಕೆನ್ನುವ ಕನ್ನಡದ ಓದುಗರು ಬೊಂಬೆಯಿಂದ ಶುರುಮಾಡಬೇಡಿ. ಮೊದಲ ಎರಡು ಆಟಗಳ ಹೊಸ ಆವೃತ್ತಿ 2025ರ ಅಕ್ಟೋಬರಿನಲ್ಲಿ ಕಂಪ್ಯೂಟರಿಗೂ ಬಂದಿದೆ, ಹಳೆಯ ಮೊದಲ ಆಟ ಮೊಬೈಲಿನಲ್ಲೂ ಸಿಗುತ್ತದೆ. ಇಂದಿನ ಕಣ್ಣಿಗೆ ಮೊದಲ ಆಟ ನಿಧಾನ, ಮಧ್ಯದಲ್ಲಿ ಬೇಸರವೂ ಬರಬಹುದು. ಪೂರ್ತಿ ಆಡಬೇಕೆಂದೇನಿಲ್ಲ, ಮೊದಲ ಒಂದು ಗಂಟೆ ಸಾಕು. ಆ ಒಂದು ಗಂಟೆಯಲ್ಲಿ ಇಷ್ಟವಾಗದಿದ್ದರೆ, ಅಂಗಡಿಯಲ್ಲಿ ಸಿಗುವ ಯಾವ ಸ್ಲೈಮ್ ಕೂಡ ನಿಮಗೆ ಇಷ್ಟವಾಗುವ ಕಾರಣವಿಲ್ಲ.